ಅಪ್ಪನ ಜೊತೆ ಕೂತು ಬಾಂಬ್ ಹುಡುಗರ ಕಥೆ ನೋಡಿದೆವು

ನಮಸ್ಕಾರ. ಈಗ ಕಾಣಿಸುತ್ತಿರುವುದು ನಮ್ಮ ಮನೆಯ ಹಾಲ್. ಸೋಫಾ ಮೇಲೆ ಕಾಲು ಮಡಚಿ ಕೂತವಳು ನನ್ನ ತಂಗಿ. ಕುರ್ಚಿಯಲ್ಲಿ ಮಂಡಕ್ಕಿ ಬಟ್ಟಲು ಹಿಡಿದವರು ಅಪ್ಪ. ಮುಖ ತೋರಿಸಬೇಡ ಅಂದಿದ್ದಾರೆ. ಅದಕ್ಕೇ ಬರೀ ಕೈ, ಬಟ್ಟಲು, ಆಮೇಲೆ ಆ ಹಳೇ ಲುಂಗಿಯ ಅಂಚು.

ಶನಿವಾರ ಸಂಜೆ ಶುರು ಮಾಡಿ ಭಾನುವಾರ ರಾತ್ರಿಯೊಳಗೆ ಹನ್ನೊಂದು ಎಪಿಸೋಡ್ ಮುಗಿಸಿದೆವು. ಅದೊಂದು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿ. ಹೆಸರು ‘ಝಾಂಕ್ಯೋ ನೋ ಟೆರರ್’. ಇಂಗ್ಲಿಷಿನಲ್ಲಿ ‘ಟೆರರ್ ಇನ್ ರೆಸೊನೆನ್ಸ್’ ಅನ್ನುತ್ತಾರೆ. ಝಾಂಕ್ಯೋ ಅಂದರೆ ಸದ್ದು ನಿಂತ ಮೇಲೂ ಕಿವಿಯಲ್ಲಿ ಉಳಿಯುವ ಗುಂಯ್‌ ಅನ್ನೋ ದನಿ. 2014ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ಫುಜಿ ಟಿವಿಯಲ್ಲಿ ಬಂದದ್ದು. ನಿರ್ದೇಶಕ ಶಿನಿಚಿರೊ ವತಾನಬೆ, ಸಂಗೀತ ಯೊಕೊ ಕಾನ್ನೊ. ‘ಕೌಬಾಯ್ ಬಿಬಾಪ್’ ಅನ್ನೋ ಅನಿಮೆ ಮಾಡಿದ ಅದೇ ಜೋಡಿ.

ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೂ ಕಥೆ ಬಿಚ್ಚುತ್ತೇನೆ. ನೋಡಿಲ್ಲದವರು ಇಲ್ಲೇ ನಿಲ್ಲಿಸಿ, ನೋಡಿಕೊಂಡು ಬನ್ನಿ. ನಾನೇನೂ ಎಲ್ಲಿಗೂ ಹೋಗಲ್ಲ.

ನಾನು ಇದನ್ನು ಮೊದಲು ನೋಡಿದ್ದು ಕಾಲೇಜ್ ಹಾಸ್ಟೆಲ್‌ನಲ್ಲಿ. ಒಂದು ಪೆನ್‌ಡ್ರೈವ್, ಒಂದು ಲ್ಯಾಪ್‌ಟಾಪ್, ಮಂಚದ ಮೇಲೆ ಆರು ಜನ. ಮೊದಲ ಎಪಿಸೋಡ್ ಮುಗಿದಾಗ ಯಾರೂ ಮಾತಾಡಲಿಲ್ಲ. ಹಿಮ ಸುರಿಯುವ ರಾತ್ರಿ, ಅಓಮೋರಿಯ ಒಂದು ಅಣು ಇಂಧನ ಘಟಕಕ್ಕೆ ನುಗ್ಗಿ ಅಣುಬಾಂಬಿಗೆ ಬೇಕಾಗುವ ಪ್ಲುಟೋನಿಯಂ ಕದಿಯುತ್ತಾರೆ. ಕೆಂಪು ಬಣ್ಣದಲ್ಲಿ ಮೂರಕ್ಷರ ಬರೆದು ಹೋಗುತ್ತಾರೆ: ವಿ, ಓ, ಎನ್. ಆಮೇಲೆ ಬೇಸಿಗೆ. ಶಿಂಜುಕುವಿನಲ್ಲಿರುವ ಟೋಕಿಯೊ ನಗರಾಡಳಿತದ ಕಟ್ಟಡದಲ್ಲಿ ಬಾಂಬ್ ಸಿಡಿಯುತ್ತದೆ. ಆ ಕಟ್ಟಡ ನಿಜಕ್ಕೂ ಇದೆ. 243 ಮೀಟರ್ ಎತ್ತರ, ಮೇಲೆ ಹೋಗುತ್ತಾ ಎರಡು ಗೋಪುರ ಆಗುತ್ತದೆ. ಎರಡು ಗೋಪುರ, ಹೊಗೆ, ಓಡುವ ಜನ. ಯಾವುದು ನೆನಪಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ಇದನ್ನು ಮಾಡಿದವರು ಇಬ್ಬರು ಹೈಸ್ಕೂಲ್ ಹುಡುಗರು. ಹೆಸರು ನೈನ್ ಮತ್ತು ಟ್ವೆಲ್ವ್. ಬರೀ ನಂಬರ್. ಮುಖವಾಡ ಹಾಕಿಕೊಂಡು, ‘ಸ್ಫಿಂಕ್ಸ್’ ಅಂತ ಹೆಸರಿಟ್ಟುಕೊಂಡು, ಇಂಟರ್ನೆಟ್‌ನಲ್ಲಿ ಪೊಲೀಸರಿಗೆ ಒಗಟು ಹಾಕುತ್ತಾರೆ. ಬಿಡಿಸಿದರೆ ಬಾಂಬ್ ನಿಲ್ಲುತ್ತದೆ.

ಹಾಸ್ಟೆಲ್‌ನಲ್ಲಿ ಆರು ಜನಕ್ಕೆ ಆರು ಅಭಿಪ್ರಾಯ. ಹಾಸನದ ಗೆಳತಿಗೆ ಐದನೇ ಎಪಿಸೋಡ್ ಹೊತ್ತಿಗೆ ಬೇಜಾರಾಯಿತು. ಅಮೆರಿಕದ ಎಫ್‌ಬಿಐ ಜೊತೆ ಫೈವ್ ಅಂತ ಒಬ್ಬಳು ಬರುತ್ತಾಳೆ. ಅವಳೂ ಇವರ ಜೊತೆ ಬೆಳೆದವಳೇ. ಅವಳು ಬಂದ ಮೇಲೆ ಕಥೆ ಹಳ್ಳ ಹಿಡಿಯಿತು ಅಂತ ಗೆಳತಿ ಹಾಸಿಗೆ ಗುದ್ದಿದ್ದಳು. ಫೈವ್ ಇಂಗ್ಲಿಷ್ ಮಾತಾಡಿದಾಗಲೆಲ್ಲ ಎಲ್ಲರೂ ನಗುತ್ತಿದ್ದೆವು. ನನಗೂ ಆ ಭಾಗ ಅಷ್ಟಕ್ಕಷ್ಟೇ. ಊರಿಗೇ ಬಾಂಬ್ ಇಡಲು ಹೊರಟವರು ಇದ್ದಕ್ಕಿದ್ದಂತೆ ಅವಳಿಟ್ಟ ಬಾಂಬ್‌ಗಳ ಹಿಂದೆ ಓಡುತ್ತಾರೆ. ನಿರ್ದೇಶಕರು ಹುಡುಗರ ಪಾಪವನ್ನೆಲ್ಲ ತೆಗೆದು ಅವಳ ತಲೆಗೆ ಕಟ್ಟಿದ ಹಾಗೆ. ನಮಗೆ ಹುಡುಗರನ್ನು ಪ್ರೀತಿಸಲು ಸಲೀಸಾಗಲಿ ಅಂತ.

ಪ್ರೀತಿಸಿದೆವು ಕೂಡ. ಅದೇ ನನಗೆ ಈಗಲೂ ಕಾಡುವ ವಿಷಯ.

ಇರಲಿ, ಮತ್ತೆ ನಮ್ಮ ಹಾಲ್‌ಗೆ ಬನ್ನಿ. ಅಪ್ಪನಿಗೆ ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದಲು ಆಗಲ್ಲ. ತಂಗಿ ಪಕ್ಕದಲ್ಲೇ ಕೂತು ಕನ್ನಡದಲ್ಲಿ ಹೇಳುತ್ತಾ ಹೋದಳು. ಲಿಸಾ ಅಂತ ಒಬ್ಬ ಹುಡುಗಿ ಇದ್ದಾಳೆ. ಶಾಲೆಯಲ್ಲಿ ಎಲ್ಲರೂ ಅವಳನ್ನು ಗೋಳು ಹೊಯ್ದುಕೊಳ್ಳುತ್ತಾರೆ. ಮನೆಗೆ ಹೋದರೆ ಬಿಟ್ಟೂ ಬಿಡದೆ ಮೆಸೇಜ್ ಮಾಡುವ ಅಮ್ಮ. ಬಾಂಬ್ ಸಿಡಿದಾಗ ಅವಳು ಅದೇ ಕಟ್ಟಡದೊಳಗೆ ಸಿಕ್ಕಿಬೀಳುತ್ತಾಳೆ. ಹುಡುಗರು ಅವಳ ಮುಂದೆ ಎರಡು ದಾರಿ ಇಡುತ್ತಾರೆ. ತಂಗಿ ಅದನ್ನು ಹೀಗೆ ಹೇಳಿದಳು: “ನಮ್ ಜೊತೆ ಶಾಮೀಲಾಗ್ತೀಯಾ, ಇಲ್ಲ ಇಲ್ಲೇ ಸಾಯ್ತೀಯಾ?”

ಅಪ್ಪ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುವುದನ್ನು ನಿಲ್ಲಿಸಿದರು. “ಅದೊಂದು ಪ್ರಶ್ನೆನಾ?” ಅಂದರು.

ಲಿಸಾ ಬಗ್ಗೆ ಎಲ್ಲೆಲ್ಲೂ ಒಂದೇ ದೂರು. ಅವಳು ದಂಡ, ಅವಳಿಂದಲೇ ಎಲ್ಲ ಕೆಟ್ಟಿತು, ಮೂರು ಹೊತ್ತು ಅಳುತ್ತಾಳೆ. ಹೌದು, ಅಡುಗೆ ಮಾಡಲು ಹೋಗಿ ಮನೆ ತುಂಬಾ ಹೊಗೆ ಎಬ್ಬಿಸುತ್ತಾಳೆ. ಹಾಸ್ಟೆಲ್ ದಿನಗಳಲ್ಲಿ ನಾನೂ ಅದನ್ನೇ ಅಂದಿದ್ದೆ. ಈ ಸಲ ಅನ್ನಿಸಿದ್ದು ಬೇರೆ. ನಾವೆಲ್ಲ ಆ ಕಥೆಯಲ್ಲಿ ಇದ್ದಿದ್ದರೆ ಲಿಸಾ ಆಗಿರುತ್ತಿದ್ದೆವೇ ಹೊರತು ನೈನ್ ಆಗಿರುತ್ತಿರಲಿಲ್ಲ. ಅದಕ್ಕೇ ಅವಳ ಮೇಲೆ ಅಷ್ಟು ಸಿಟ್ಟು.

ಅಪ್ಪನಿಗೆ ಇಷ್ಟವಾಗಿದ್ದು ಶಿಬಾಜಾಕಿ. ಪೊಲೀಸ್. ಒಬ್ಬ ದೊಡ್ಡ ರಾಜಕಾರಣಿಯ ಹಗರಣ ಕೆದಕಿದ್ದಕ್ಕೆ ಅವನನ್ನು ಹಳೇ ಕಡತಗಳ ಕೋಣೆಗೆ ಹಾಕಿರುತ್ತಾರೆ. ಗಡ್ಡ ಬಿಟ್ಟುಕೊಂಡು, ಕೆಲಸವಿಲ್ಲದೆ ಕೂತವನು ಒಗಟು ಬಿಡಿಸಲು ಶುರು ಮಾಡುತ್ತಾನೆ. ಅಪ್ಪ ನೆಟ್ಟಗೆ ಕೂತರು. “ನಮ್ ಆಫೀಸಲ್ಲೂ ಇಂಥೋರು ಇದ್ರು. ಬಾಯ್ಬಿಟ್ಟೋನು ಗುಜರಿ ಸ್ಟೋರಿಗೆ.” ಶಿಬಾಜಾಕಿ ಹಿರೋಷಿಮಾದವನು, ಅವನಮ್ಮ ಅಣುಬಾಂಬಿನ ಬೇಗೆ ಕಂಡವಳು. ಅವನಿಗೆ ಬೇಸಿಗೆ ಅಂದರೆ ಆಗಲ್ಲ. ತಂಗಿ ಇದನ್ನು ಹೇಳಿದಾಗ ಅಪ್ಪ ಏನೂ ಅನ್ನಲಿಲ್ಲ. ಬಟ್ಟಲು ಕೆಳಗಿಟ್ಟರು.

ಇಲ್ಲಿ ಒಂದು ಮಾತು. ಇದನ್ನು ಬರೀ ಇಬ್ಬರು ಸುಂದರ ಹುಡುಗರ ಕಥೆ ಅಂದುಕೊಂಡು ನೋಡಿದರೆ ಅರ್ಧ ತಪ್ಪಿಹೋಗುತ್ತದೆ. 1945ರಲ್ಲಿ ಹಿರೋಷಿಮಾ, ನಾಗಸಾಕಿ. 1995ರಲ್ಲಿ ಓಂ ಶಿನ್ರಿಕ್ಯೊ ಪಂಥದವರು ಟೋಕಿಯೊ ಮೆಟ್ರೋದಲ್ಲಿ ಸಾರಿನ್ ವಿಷ ಬಿಟ್ಟದ್ದು. 2011ರಲ್ಲಿ ಫುಕುಶಿಮಾ ಅಣು ಸ್ಥಾವರದ ದುರಂತ. ಇದು ಟಿವಿಗೆ ಬಂದಾಗ ಫುಕುಶಿಮಾ ನಡೆದು ಬರೀ ಮೂರು ವರ್ಷ. ಆ ದೇಶದ ಟಿವಿಯಲ್ಲಿ, ರಾತ್ರಿ ಹೊತ್ತು, ಅಣು ಘಟಕದಿಂದ ಪ್ಲುಟೋನಿಯಂ ಕದಿಯುವ ಮಕ್ಕಳನ್ನು ನಾಯಕರನ್ನಾಗಿ ತೋರಿಸಿದ್ದು ಸಣ್ಣ ಧೈರ್ಯ ಅಲ್ಲ. ಚೀನಾದವರಿಗೆ ಇದು ಸರಿಬರಲಿಲ್ಲ. 2015ರ ಜೂನ್‌ನಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆ ನಿಷೇಧಿಸಿದ 38 ಅನಿಮೆಗಳ ಪಟ್ಟಿಯಲ್ಲಿ ಇದೂ ಇತ್ತು. ಅದೂ ಒಂದು ಪ್ರೇಕ್ಷಕರ ಪ್ರತಿಕ್ರಿಯೆಯೇ ಅನ್ನಿ.

ಹುಡುಗರು ಯಾಕೆ ಹೀಗೆ ಮಾಡುತ್ತಾರೆ? ‘ಅಥೇನಾ’ ಅಂತ ಒಂದು ಗುಟ್ಟಿನ ಯೋಜನೆ. ಅನಾಥ ಮಕ್ಕಳನ್ನು ಒಂದು ಕಡೆ ಕೂಡಿಹಾಕಿ, ಔಷಧಿ ಚುಚ್ಚಿ, ದೇಶಕ್ಕೆ ಬೇಕಾದ ಮೇಧಾವಿಗಳನ್ನು ತಯಾರು ಮಾಡುವುದು. ಹೆಸರು ಕಿತ್ತುಕೊಂಡು ನಂಬರ್ ಕೊಟ್ಟಿದ್ದಾರೆ. ಹೆಚ್ಚಿನವರು ಸತ್ತಿದ್ದಾರೆ. ನೈನ್, ಟ್ವೆಲ್ವ್ ಬೇಲಿ ಹಾರಿ ಓಡಿಬಂದವರು. ಅವರಿಗೂ ಆಯಸ್ಸು ಜಾಸ್ತಿ ಉಳಿದಿಲ್ಲ. ಬಾಂಬ್ ಇಟ್ಟಿದ್ದು ಯಾರನ್ನೂ ಕೊಲ್ಲುವುದಕ್ಕಲ್ಲ, ನಮ್ಮ ಕಡೆ ತಿರುಗಿ ನೋಡಿ ಅಂತ ಕೂಗುವುದಕ್ಕೆ.

ಕೊನೆಯಲ್ಲಿ ಅವರು ಅಣುಬಾಂಬನ್ನು ಬಲೂನಿಗೆ ಕಟ್ಟಿ ಆಕಾಶಕ್ಕೆ ಬಿಡುತ್ತಾರೆ. ತುಂಬಾ ಮೇಲೆ ಹೋಗಿ ಸಿಡಿಯುತ್ತದೆ. ಕೆಳಗೆ ಯಾರಿಗೂ ಬೆಂಕಿ ತಾಕುವುದಿಲ್ಲ. ಆದರೆ ಅದರಿಂದ ಹೊರಟ ಅಲೆಗೆ ವಿದ್ಯುತ್ತಿನಿಂದ ನಡೆಯುವ ಎಲ್ಲವೂ ಸತ್ತುಹೋಗುತ್ತದೆ. ಟೋಕಿಯೊ ಪೂರ್ತಿ ಕತ್ತಲು. ಆ ಕತ್ತಲ ಮೇಲೆ ಧ್ರುವಪ್ರಭೆ, ಅಂದರೆ ಧ್ರುವಗಳ ಕಡೆ ಆಕಾಶದಲ್ಲಿ ಕಾಣುವಂಥ ಬಣ್ಣಬಣ್ಣದ ಬೆಳಕು. ಹಿನ್ನೆಲೆಯಲ್ಲಿ ‘ವಾನ್’ ಅನ್ನುವ ಹಾಡು. ಗೋಡೆ ಮೇಲೆ ಬರೆದ ಆ ಮೂರಕ್ಷರ ಇದೇ. ಐಸ್‌ಲ್ಯಾಂಡಿನ ಭಾಷೆಯಲ್ಲಿ ವಾನ್ ಅಂದರೆ ಭರವಸೆ.

ತಂಗಿ ಅಳುತ್ತಿದ್ದಳು. ನಾನೂ. ಹಾಸ್ಟೆಲ್‌ನಲ್ಲೂ ಇಲ್ಲೇ ಅತ್ತಿದ್ದೆ. ಹಾಸನದ ಗೆಳತಿ ಕೂಡ ಗೋಡೆ ಕಡೆ ತಿರುಗಿ ಮಲಗಿದ್ದಳು.

ಅಪ್ಪ ಮೆಲ್ಲಗೆ ಕೇಳಿದರು, “ಕರೆಂಟ್ ಪೂರ್ತಿ ಹೋಯ್ತಾ?”

“ಹೂಂ ಅಪ್ಪ, ಪೂರ್ತಿ.”

“ಜನರೇಟರ್?”

“ಅದೂ ನಡೆಯಲ್ಲ.”

“ಮತ್ತೆ ಆಸ್ಪತ್ರೆ ಗತಿ?”

ಗೊತ್ತಿರಲಿ, ಅಪ್ಪ ಮೂವತ್ತನಾಲ್ಕು ವರ್ಷ ಲೈನ್‌ಮ್ಯಾನ್ ಆಗಿದ್ದವರು. ಟಿವಿ ಪಾಸ್ ಮಾಡಿಸಿ ಒಂದು ಕಥೆ ಹೇಳಿದರು. ನಾನು ಹುಟ್ಟುವ ಮೊದಲು, ಮಲೆನಾಡಿನ ಒಂದು ತಾಲ್ಲೂಕಿನಲ್ಲಿ. ಜುಲೈ ಮಳೆ. ಮರ ಬಿದ್ದು ಲೈನ್ ತುಂಡಾಗಿತ್ತು, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿತ್ತು. ಆಸ್ಪತ್ರೆಯ ಜನರೇಟರ್‌ಗೆ ಡೀಸೆಲ್ ಇಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬ ಮನುಷ್ಯ ಕೊಡೆಯೂ ಇಲ್ಲದೆ ಕ್ವಾರ್ಟರ್ಸ್ ಬಾಗಿಲಿಗೆ ಬಂದು ನಿಂತಿದ್ದ. ತಿಂಗಳು ತುಂಬದೆ ಹುಟ್ಟಿದ ಅವನ ಮಗುವನ್ನು ಬಲ್ಬಿನ ಶಾಖದಲ್ಲಿ ಇಟ್ಟಿದ್ದರಂತೆ. ಬಲ್ಬ್ ಆರಿತ್ತು. ಅಪ್ಪ ಮತ್ತು ಇನ್ನೊಬ್ಬರು ಎಲ್‌ಸಿ (ಲೈನ್ ಬಂದ್ ಮಾಡಿದ ಒಪ್ಪಿಗೆ) ತೆಗೆದುಕೊಂಡು, ಟಾರ್ಚ್ ಬಾಯಲ್ಲಿ ಕಚ್ಚಿ ಕಂಬ ಹತ್ತಿದರು. ಇನ್ನೊಂದು ಫೀಡರ್‌ನಿಂದ (ಬೇರೆ ಕಡೆಯಿಂದ ಕರೆಂಟ್ ತರುವ ಲೈನ್) ಲೈನ್ ಎಳೆದು ಜಂಪರ್, ಅಂದರೆ ಎರಡು ಲೈನ್ ಸೇರಿಸುವ ತಂತಿ, ಕಟ್ಟಿದಾಗ ಬೆಳಗಿನ ಜಾವ ನಾಲ್ಕು.

“ಮಗು?” ಅಂತ ತಂಗಿ ಕೇಳಿದಳು.

ಅಪ್ಪ ಉತ್ತರ ಕೊಡಲಿಲ್ಲ. “ನಿನ್ ಹುಡುಗ್ರು ಕಂಬ ಎಣಿಸಿದ್ದಾರೆ, ಜನಾನ ಎಣಿಸಿಲ್ಲ” ಅಂದರು.

ಇದು ಬರೀ ಕಥೆಯವರ ಕಲ್ಪನೆ ಅಂದುಕೊಳ್ಳಬೇಡಿ. 1962ರ ಜುಲೈ 9ರಂದು ಅಮೆರಿಕದವರು ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ ಅಣುಬಾಂಬ್ ಸಿಡಿಸಿ ನೋಡಿದ್ದರು. ‘ಸ್ಟಾರ್‌ಫಿಶ್ ಪ್ರೈಮ್’ ಅಂತ ಆ ಪರೀಕ್ಷೆಯ ಹೆಸರು. ಸುಮಾರು 1,450 ಕಿ.ಮೀ. ದೂರದ ಹವಾಯಿಯಲ್ಲಿ ಬೀದಿದೀಪಗಳು ಕೆಟ್ಟವು. ಆಕಾಶದಲ್ಲಿ ಧ್ರುವಪ್ರಭೆ ಕಂಡಿತು. ಬಲೂನ್ ಅಷ್ಟು ಎತ್ತರ ಹೋಗಲ್ಲ, ಅದು ಬೇರೆ ಮಾತು. ಬಣ್ಣದ ಆಕಾಶ ಮಾತ್ರ ಸುಳ್ಳಲ್ಲ.

ಅಪ್ಪ ಹೇಳಿದ್ದನ್ನೇ ಬೇರೆ ಬೇರೆ ಕಡೆ ನೋಡಿದ ಎಷ್ಟೋ ಜನ ಕೇಳಿದ್ದಾರೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಏನಾದರು? ಐಸಿಯು ಏನಾಯಿತು? ವಿಮಾನ ನಿಲ್ಲಿಸಿದರು, ಜನರನ್ನು ಊರಿಂದ ಆಚೆ ಕಳಿಸಿದರು ಅಂತ ತೋರಿಸುತ್ತಾರೆ, ನಿಜ. ಆದರೆ ಟೋಕಿಯೊದಂಥ ಊರು ಒಂದೇ ದಿನಕ್ಕೆ ಖಾಲಿ ಆಗುತ್ತಾ? ಸತ್ತವರ ಸಂಖ್ಯೆ ಸೊನ್ನೆ ಅಂತ ನಾವು ನಂಬಿದ್ದಕ್ಕೇ ಆ ಹುಡುಗರನ್ನು ಕ್ಷಮಿಸಿದ್ದು. ‘ಡೆತ್ ನೋಟ್’ನ ನಾಯಕ, ಲೈಟ್ ಅನ್ನೋ ಹುಡುಗ, ಪುಸ್ತಕದಲ್ಲಿ ಹೆಸರು ಬರೆದು ಕೊಲ್ಲುತ್ತಾನೆ, ಅವನ ಜೊತೆ ಜಗಳ ಆಡಬಹುದು. ಇವರ ಜೊತೆ ಜಗಳಕ್ಕೇ ಜಾಗ ಬಿಟ್ಟಿಲ್ಲ. ಮೊದಲ ಎಪಿಸೋಡ್‌ನ ಆ ಕಟ್ಟಡ ಅಷ್ಟು ದೊಡ್ಡದಾಗಿ ಕುಸಿದರೂ ಒಂದು ಹೆಣ ಬೀಳಲಿಲ್ಲ ಅಂದಾಗ ನನಗೆ ಹಾಯೆನಿಸಿತ್ತು. ಯಾಕೆ ಹಾಯೆನಿಸಿತು? ಜನ ಉಳಿದರು ಅಂತಲೋ, ನನ್ನ ಹುಡುಗರು ಕೆಟ್ಟವರಾಗಲಿಲ್ಲ ಅಂತಲೋ? ಕ್ಯಾಮೆರಾ ಮುಂದೆ ಸುಳ್ಳು ಯಾಕೆ, ಎರಡನೆಯದಕ್ಕೇ.

ಆದರೆ ತಂಗಿ ಬಿಡಲಿಲ್ಲ. ಮೂಗು ಒರೆಸಿಕೊಂಡು ಅಪ್ಪನಿಗೇ ತಿರುಗಿ ಹೇಳಿದಳು, “ಆ ಮಕ್ಕಳು ಒಂದೊಂದಾಗಿ ಸಾಯೋವಾಗ ಯಾರ್ ಎಣಿಸಿದ್ರು ಅಪ್ಪ? ಒಂದು ಸಾಲು ಪೇಪರಲ್ಲೂ ಬಂದಿರಲಿಲ್ಲ. ಕತ್ತಲೆ ಮಾಡಿದ್ಮೇಲೇ ತಾನೇ ಎಲ್ಲರೂ ನೋಡಿದ್ದು?”

ಅಪ್ಪ, “ಹಂಗಂತ…” ಅಂದರು. ಮುಂದೆ ಹೇಳಲಿಲ್ಲ. ಪ್ಲೇ ಒತ್ತು ಅಂತ ಕೈಸನ್ನೆ ಮಾಡಿದರು.

ಆಮೇಲೆ ಉಳಿದದ್ದು ಸ್ವಲ್ಪ. ಹಳೇ ಶಾಲೆಯ ಬಯಲಿನಲ್ಲಿ ನೈನ್, ಟ್ವೆಲ್ವ್, ಲಿಸಾ ಮೂವರೂ ಮಕ್ಕಳ ಹಾಗೆ ಆಡುತ್ತಾರೆ. ಶಿಬಾಜಾಕಿ ಹುಡುಕಿಕೊಂಡು ಬರುತ್ತಾನೆ. ಹೆಲಿಕಾಪ್ಟರ್‌ನಿಂದ ಗುಂಡು ಹಾರುತ್ತದೆ. ಟ್ವೆಲ್ವ್ ನಗು ಇನ್ನೂ ಮುಖದಲ್ಲಿರುವಾಗಲೇ ಬೀಳುತ್ತಾನೆ. ನೈನ್ ತಾನು ಬದುಕಿದ್ದನ್ನು ನೆನಪಿಟ್ಟುಕೊಳ್ಳಿ ಅಂತ ಶಿಬಾಜಾಕಿಗೆ ಹೇಳಿ ಹೋಗುತ್ತಾನೆ. ಒಂದು ವರ್ಷದ ನಂತರ ಸಮಾಧಿಗಳ ಹತ್ತಿರ ಲಿಸಾ, ಶಿಬಾಜಾಕಿ. ಗಾಳಿ. ಅಷ್ಟೇ.

ಈ ಶಾಟ್ ನೋಡಿ. ಟೈಟಲ್ ಓಡುತ್ತಿದೆ, ಅಪ್ಪ ಕನ್ನಡಕ ತೆಗೆದು ಲುಂಗಿ ಅಂಚಿನಿಂದ ಒರೆಸುತ್ತಿದ್ದಾರೆ. ಕನ್ನಡಕಕ್ಕೆ ಏನೂ ಆಗಿರಲಿಲ್ಲ. ಇದನ್ನು ಹಾಕಬೇಡ ಅಂದಿದ್ದರು. ಮುಖ ಕಾಣಿಸಲ್ಲ ಅಪ್ಪ, ಬರೀ ಕೈ ಅಂತ ಒಪ್ಪಿಸಿದ್ದೇನೆ.

ಎದ್ದು ಖಾಲಿ ಬಟ್ಟಲು ತೆಗೆದುಕೊಂಡು ಒಳಗೆ ಹೋದರು. ನಲ್ಲಿ ಸದ್ದು ಕೇಳಿಸಿತು. ಅಲ್ಲಿಂದಲೇ ಕೂಗಿದರು:

“ಮುಂದಿನ್ ವಾರಕ್ಕೆ ಇನ್ನೊಂದು ಇದ್ರೆ ಹಾಕ್ರಮ್ಮ. ಆದ್ರೆ ಕರೆಂಟ್ ತೆಗೆಯೋ ಕಥೆ ಬೇಡ.”