ಕರಿಬೇವಿನ ಗಿಡಕ್ಕೆ ಕಬ್ಬಿಣದ ಮಾತ್ರೆ

ವೇದಿಕೆ ಮೇಲಿರುವ ಹಿರಿಯರೇ, ನನ್ನ ಬ್ಯಾಚಿನ ಬಿಳಿ ತಲೆಗಳೇ, ಬೋಳು ತಲೆಗಳೇ, ಈಗಷ್ಟೇ ಓದು ಮುಗಿಸಿ ತರಬೇತಿಯಲ್ಲಿದ್ದು, ಹಿಂದಿನ ಸಾಲಿನಲ್ಲಿ ಬಲವಂತಕ್ಕೆ ಕೂತಿರುವ ಹೌಸ್ ಸರ್ಜನ್ನರೇ, ಎಲ್ಲರಿಗೂ ನಮಸ್ಕಾರ.

ಸಂಘದವರು ನನಗೆ ಕೊಟ್ಟ ವಿಷಯ ‘ಹಳೆ ವಿದ್ಯಾರ್ಥಿಗಳ ಸಾಧನೆ’. ಸಮಯ 30 ನಿಮಿಷ. ಓದಿಕೊಂಡು ಬನ್ನಿ ಅಂತ ಸ್ಮರಣ ಸಂಚಿಕೆಯನ್ನೂ ಕಳಿಸಿದ್ದರು. ಓದಿದೆ. ಹೃದಯ ತಜ್ಞರು, ಮಿದುಳು ತಜ್ಞರು, ಲಂಡನ್ನಿನಲ್ಲಿರುವವರು, ಹ್ಯೂಸ್ಟನ್ನಿನಲ್ಲಿರುವವರು. ಸಂತೋಷವಾಯಿತು. ಆದರೆ ಪುಟ ತಿರುಗಿಸುತ್ತಾ ಒಂದು ಅನುಮಾನವೂ ಬಂತು. ಊರು ಬಿಟ್ಟು ಎಷ್ಟು ದೂರ ಹೋದರೋ ಅಷ್ಟು ದೊಡ್ಡ ಫೋಟೋ! ಹ್ಯೂಸ್ಟನ್ನಿಗೆ ಅರ್ಧ ಪುಟ, ಹುಬ್ಬಳ್ಳಿಗೆ ಸ್ಟಾಂಪ್ ಸೈಜು. ತಾಲೂಕು ಆಸ್ಪತ್ರೆಯಲ್ಲೇ ರಿಟೈರ್ ಆದವರಿಗೆ ಫೋಟೋನೇ ಇಲ್ಲ. ನಂದು ಸ್ಟಾಂಪ್ ಸೈಜು. ಹೊಟ್ಟೆಕಿಚ್ಚಿಗೆ ಹೇಳ್ತಿದ್ದಾನೆ ಅಂತ ಬೇಕಾದರೂ ಅಂದುಕೊಳ್ಳಿ.

ಈಗ ಡಾ. ಎಚ್. ಸುದರ್ಶನ್ ಅವರನ್ನು ತೆಗೆದುಕೊಳ್ಳಿ. ನಮ್ಮ ಕಾಲೇಜಿನವರಲ್ಲ. 1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಪಾಸಾದವರು. ಆದರೂ ಯಾವ ಕಾಲೇಜಿನ ಸಮಾರಂಭವಾದರೂ ಅವರ ಹೆಸರು ಬಂದೇ ಬರುತ್ತದೆ. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗಾಗಿ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ್ದು 1981ರಲ್ಲಿ. ಲೆಕ್ಕ ಹಾಕಿ, ಆ ಎರಡರಲ್ಲಿ ಮೊದಲ ಪ್ರಶಸ್ತಿಗೆ 13 ವರ್ಷ ಮುಂಚೆ. ಆ 13 ವರ್ಷದ ಫೋಟೋ ಯಾರ ಹತ್ತಿರ ಇದೆ? ಯಳಂದೂರು ತಾಲೂಕಿನಲ್ಲಿ ಕುಷ್ಠ ಜಾಸ್ತಿ ಇತ್ತು ಅಂತ 1986ರಲ್ಲಿ ಕರುಣಾ ಟ್ರಸ್ಟ್ ಶುರು ಮಾಡಿದರು. ಕುಷ್ಠದ ಕೆಲಸ ಅಂದರೆ ಏನು? ಮೈಮೇಲೆ ಮಚ್ಚೆ ಹುಡುಕಬೇಕು, ಅಲ್ಲಿ ಮುಟ್ಟಿದರೆ ಗೊತ್ತಾಗುತ್ತದಾ ನೋಡಬೇಕು, ತಿಂಗಳುಗಟ್ಟಲೆ ಮಾತ್ರೆ ನುಂಗಿಸಬೇಕು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸೋಕೆ ವಹಿಸಿಕೊಂಡರು. ಸಾಧನೆ ಅಂದರೆ ನನ್ನ ಕಣ್ಣಿಗೆ ಕಾಣುವುದು ಗುಂಬಳ್ಳಿ. ಪ್ರಶಸ್ತಿ ಆಮೇಲಿನ ಮಾತು.

ಮೈಸೂರು ಮೆಡಿಕಲ್ ಕಾಲೇಜಿನ ಕಥೆಯೂ ನಿಮಗೆ ಗೊತ್ತು. 1984ರಲ್ಲಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದಾಗ ಇನ್ನೂ ವಿದ್ಯಾರ್ಥಿಗಳು. ಆಮೇಲೆ ಹೆಗ್ಗಡದೇವನಕೋಟೆ ಕಡೆ ಹೋದರು. ಕಾಡು ಬಿಟ್ಟು ಹೊರಬರಬೇಕಾದ ಜೇನುಕುರುಬರ, ಕಾಡುಕುರುಬರ ಹಾಡಿಗಳಲ್ಲಿ ಕೆಲಸ, ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ. ಹಿಂದಿನ ಸಾಲಿನವರು ಫೋನ್ ಕೆಳಗಿಟ್ಟು ಕೇಳಿ. ಡಿಗ್ರಿ ಕೈಗೆ ಬರುವ ಮೊದಲೇ ಶುರು ಮಾಡಿದ್ದು.

ಸರಿ, ಇವರೆಲ್ಲ ಯಾರ ಹಳೆ ವಿದ್ಯಾರ್ಥಿಗಳು? ಕಾಲೇಜಿನವರು ‘ನಮ್ಮವರು’ ಅಂತ ಬೋರ್ಡ್ ಹಾಕಿಕೊಳ್ಳುತ್ತಾರೆ. ಅರ್ಧ ನಿಜ. ಇನ್ನರ್ಧ ಪಾಠ ಹೇಳಿಕೊಟ್ಟವರನ್ನು ನಾವು ಯಾವ ಸಮಾರಂಭಕ್ಕೂ ಕರೆಯುವುದಿಲ್ಲ. ನನಗೆ ಹೇಳಿಕೊಟ್ಟವರ ವಿಷಯ ಹೇಳ್ತೀನಿ. ನನ್ನ ಬ್ಯಾಚಿನವರು ಇದನ್ನು ಹತ್ತು ಸಲ ಕೇಳಿದ್ದಾರೆ. ಅವರು ಬೇಕಾದರೆ ಒಂದು ನಿದ್ದೆ ತೆಗೆಯಲಿ.

1983. ನಾನು ಹೌಸ್ ಸರ್ಜನ್. ಹಳ್ಳಿ ಪೋಸ್ಟಿಂಗ್. ಅಲ್ಲಿ ಒಬ್ಬರು ನರ್ಸಮ್ಮ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಹೆರಿಗೆ ಮಾಡಿಸಿದವರು. ಒಬ್ಬ ಬಸುರಿ ಹೆಣ್ಣುಮಗಳು ಬಂದಳು, ಚೊಚ್ಚಲು. ಕಣ್ಣಿನ ರೆಪ್ಪೆ ಎಳೆದು ನೋಡಿದೆ, ಕಾಗದದ ಹಾಗೆ ಬಿಳಿ. ಹಿಮೋಗ್ಲೋಬಿನ್ ಏಳೂವರೆ. ಕಬ್ಬಿಣದ ಮಾತ್ರೆ ಕೊಟ್ಟೆ, ದಿನಕ್ಕೊಂದು ಅಂದೆ. ತಿಂಗಳು ಬಿಟ್ಟು ನೋಡಿದರೆ ಏಳೂವರೆ. ದಿನಕ್ಕೆರಡು ಮಾಡಿದೆ. ಮತ್ತೆ ನೋಡಿದರೆ ಏಳೂವರೆ! ನನಗೆ ಹುರುಪು ಬಂತು. ಪುಸ್ತಕ ತೆಗೆದೆ. ಕೊಕ್ಕೆಹುಳ ಇರಬಹುದು, ಥಲಸ್ಸೇಮಿಯಾ ಅನ್ನೋ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರಬಹುದು, ಕರುಳು ಹೀರಿಕೊಳ್ಳುತ್ತಿಲ್ಲದೇ ಇರಬಹುದು. ಜಿಲ್ಲಾಸ್ಪತ್ರೆಗೆ ಒಂದೂವರೆ ಪುಟ ಕಾಗದ ಬರೆದೆ.

ನರ್ಸಮ್ಮ ಕಾಗದ ನೋಡಿದರು. “ಸಾರ್, ಬಸ್ ಚಾರ್ಜು ನೀವು ಕೊಡ್ತೀರಾ? ಸುಮ್ನೆ ಬನ್ನಿ, ಒಂದ್ಸಲ ಅವಳ ಮನೆಗೆ ಹೋಗಿ ಬರೋಣ” ಅಂದರು.

ಹೋದೆವು. ನರ್ಸಮ್ಮ ಮನೆಯೊಳಗೆ ಹೋಗಲಿಲ್ಲ, ಸೀದಾ ಹಿತ್ತಿಲಿಗೆ ನಡೆದರು. ಅಲ್ಲಿ ಒಂದು ಕರಿಬೇವಿನ ಗಿಡ, ನನ್ನ ಎದೆ ಎತ್ತರ. ಪಕ್ಕದ ಮನೆಯ ಗಿಡ ಹಳದಿ ತಿರುಗಿ ಸೊರಗಿತ್ತು. ಇದು ಕಡು ಹಸಿರು, ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತಿತ್ತು. ನರ್ಸಮ್ಮ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಬುಡ ಕೆದಕಿದರು. ಅರ್ಧ ಕರಗಿದ ಒಂದು ಮಾತ್ರೆ ಸಿಕ್ಕಿತು. ಇನ್ನೊಂದು. ಮತ್ತೊಂದು. ತಲೆ ಎತ್ತಿ ನನ್ನನ್ನು ನೋಡಿ, “ಸಾರ್, ಹಿಮೋಗ್ಲೋಬಿನ್ ಇಲ್ಲಿದೆ” ಅಂದರು.

ಹುಡುಗಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಹೊರಗೆ ಬಂದು ನನಗೇ ಬೈದರು. “ಮಾತ್ರೆ ತಗೊಂಡ ಎರಡು ದಿನಕ್ಕೆ ಹೊರಕಡೆ ಕಪ್ಪಗೆ ಹೋಗೈತೆ. ಮಗೂಗೆ ಏನಾದ್ರೂ ಆದ್ರೆ ನೀವು ಬರ್ತೀರಾ? ಸರ್ಕಾರದ ಮಾತ್ರೆ, ಬಿಸಾಕೋಕೆ ಮನಸ್ಸಾಗ್ಲಿಲ್ಲ. ಗಿಡಕ್ಕಾದ್ರೂ ಆಗ್ಲಿ ಅಂತ ಹಾಕ್ದೆ.”

ಕಬ್ಬಿಣದ ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತದೆ. ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ. ಆ ಹುಡುಗಿಗೆ ಹೇಳಿರಲಿಲ್ಲ, ಅಷ್ಟೇ. ನರ್ಸಮ್ಮ ಜಗುಲಿ ಮೇಲೆ ಕೂತು, ಅತ್ತೆ ಕೊಟ್ಟ ಎಲೆಅಡಿಕೆ ಹಾಕಿಕೊಂಡು, ಅದು ಬರೀ ಮಾತ್ರೆಯ ಬಣ್ಣ ಅಂತ ವಿವರಿಸಿದರು. ಮಾತ್ರೆಯ ಜೊತೆಗೆ ಕಾಫಿ, ಟೀ ಕುಡಿಯಬಾರದು, ನಿಂಬೆಹಣ್ಣಿನ ರಸ ಒಳ್ಳೆಯದು ಅಂದರು. ಆಮೇಲೆ ಮಾತ್ರೆಯ ಪೊಟ್ಟಣವನ್ನು ಸೊಸೆಗೆ ಕೊಡದೆ ಅತ್ತೆಯ ಕೈಗೆ ಕೊಟ್ಟರು. “ನೀವೇ ಲೆಕ್ಕ ಇಟ್ಕೊಂಡು ಕೊಡ್ಬೇಕು, ಅಮ್ಮ. ಈ ಹುಡುಗರನ್ನ ನಂಬೋಕಾಗಲ್ಲ.” ಹುಡುಗರು ಅಂದರೆ ನಾನೂ ಸೇರಿ.

ನನ್ನ ಪೋಸ್ಟಿಂಗ್ ಮುಗಿದ ಮೇಲೆ ನರ್ಸಮ್ಮ ಕಾರ್ಡ್ ಬರೆದಿದ್ದರು. ಹಿಮೋಗ್ಲೋಬಿನ್ ಒಂಬತ್ತೂವರೆ ದಾಟಿತು, ಸುಸೂತ್ರ ಹೆರಿಗೆ, ಗಂಡು ಮಗು. ಮಗು ಕಪ್ಪು. ಅಪ್ಪನ ಬಣ್ಣವೇ, ಆದರೆ ಅತ್ತೆ ಮಾತ್ರ ನಿಮ್ಮ ಮಾತ್ರೆಯ ಹೆಸರೇ ಹೇಳ್ತಿದ್ದಾರೆ ಅಂತ.

ನಾನು ಆ ನರ್ಸಮ್ಮನ ಹಳೆ ವಿದ್ಯಾರ್ಥಿ. ಅದಕ್ಕೆ ಸಂಘ ಇಲ್ಲ, ಸ್ಮರಣ ಸಂಚಿಕೆಯೂ ಇಲ್ಲ.

ಚೀಟಿ ಬಂತು, ‘5 ನಿಮಿಷ’ ಅಂತ. ಐದು ಅಂಶ ಬರೆದುಕೊಂಡು ಬಂದಿದ್ದೆ, ಇನ್ನೂ ಮೊದಲನೆಯದರಲ್ಲೇ ಇದ್ದೇನೆ. ಬೇಗ ಬೇಗ ಹೇಳುತ್ತೇನೆ.

ಈಗಿನ ನಿಯಮದಲ್ಲಿ ಹೌಸ್ ಸರ್ಜನ್ನರಿಗೆ ಸಮುದಾಯ ವೈದ್ಯಕೀಯ 12 ವಾರ. ಆ 12 ವಾರ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಹಾಜರಿ ಪುಸ್ತಕದಲ್ಲಿ ಎಲ್ಲರೂ ಇರುತ್ತಾರೆ, ಊರಲ್ಲಿ ಯಾರೂ ಇರುವುದಿಲ್ಲ. ಪಿ.ಜಿ. ಸೀಟಿಗೆ ಓದಬೇಕು, ನಾನು ಹುಡುಗರನ್ನು ಬೈಯಲ್ಲ. 2021-22ರ ಬ್ಯಾಚಿನಿಂದ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಳ್ಳಬೇಕು ಅಂತ ಬಂದಿದೆ. ಒಳ್ಳೆಯದು. ಆದರೆ ದತ್ತು ಅನ್ನೋ ಪದ ನನಗೆ ಹಿಡಿಸಲ್ಲ. ಯಾರು ಯಾರನ್ನು ಸಾಕಿದರು ಅಂತ ಈಗಷ್ಟೇ ಹೇಳಿದೆನಲ್ಲ.

ಸಿಕಲ್ ಸೆಲ್ ಬಗ್ಗೆ, ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ, ಹಾಡಿಗಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕಾಯಿಲೆಯ ಬಗ್ಗೆ, ವಿವರವಾಗಿ ಮಾತಾಡಬೇಕಿತ್ತು. ಒಂದೇ ಮಾತು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆ ಅದರ ಜೀನ್ ಮಾತ್ರ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇದನ್ನು ಹಾಡಿಯಲ್ಲಿ ಕೂತು, ಮದುವೆಗೆ ಮುಂಚೆ, ಯಾರ ಮನಸ್ಸೂ ನೋಯದ ಹಾಗೆ ಹೇಳಬೇಕು. ಮೆಷಿನ್ ರಕ್ತ ಪರೀಕ್ಷೆ ಮಾಡುತ್ತದೆ. ಈ ಮಾತನ್ನು ಯಾರಾದರೂ ಹೋಗಿಯೇ ಆಡಬೇಕು. ನಾಲ್ಕನೆಯ ಅಂಶ ಬಿಟ್ಟೆ.

ಕೊನೆಯದು, ದುಡ್ಡಿನ ವಿಷಯ. ಕಾಲೇಜಿಗೆ ಗ್ರಾನೈಟ್ ಮಹಾದ್ವಾರ ಕಟ್ಟಿಸೋಣ ಅಂತ ಸಂಘದ ಯೋಚನೆ. ಸದ್ಯ ಬೇಡ. ಹೌಸ್ ಸರ್ಜನ್ನರು ಹೋಗುವ ಒಂದು ಆರೋಗ್ಯ ಕೇಂದ್ರಕ್ಕೆ ಮೊನ್ನೆ ಹೋಗಿದ್ದೆ. ಕ್ವಾರ್ಟರ್ಸ್ ಇದೆ, ಎರಡು ರೂಮು. ಒಂದರಲ್ಲಿ ಹಳೆ ಮಂಚ ಪೇರಿಸಿದ್ದಾರೆ. ಬಚ್ಚಲಿನ ಬಾಗಿಲಿಗೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಅಲ್ಲಿ ರಾತ್ರಿ ಉಳಿ ಅಂತ ಯಾವ ಹೆಣ್ಣುಮಗಳಿಗೆ ಹೇಳಲಿ? ಸಂಜೆ ಬಸ್ಸಿಗೆ ಎಲ್ಲರೂ ವಾಪಸ್. ರಾತ್ರಿ ಉಳಿಯದೆ, ಜಗುಲಿ ಮೇಲೆ ಕೂರದೆ, ಹಿತ್ತಿಲು ನೋಡುವುದು ಹೇಗೆ?

ಕಾರ್ಯದರ್ಶಿಗಳು ಎದ್ದು ನಿಂತರು. ಬಿಸಿಬೇಳೆಬಾತ್ ಆರುತ್ತಿದೆ ಅಂತ ಕಾಣುತ್ತದೆ. ಊಟದ ಸಾಲಿನಲ್ಲಿ ಉಪ್ಪಿನಕಾಯಿ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ದುಡ್ಡು ಕೊಡುವವರು ಹೆಸರು ಬರೆಯಿರಿ. ಹ್ಯೂಸ್ಟನ್ನಿನವರು ದೊಡ್ಡದಾಗಿ ಬರೆಯಿರಿ. ಒಳ್ಳೆ ಪ್ಲಂಬರ್ ಗೊತ್ತಿರುವವರು ಯಾರಾದರೂ ಇದ್ದರೆ ಊಟಕ್ಕೆ ಮುಂಚೆ ನನ್ನನ್ನು ಕಾಣಿ.