ಕಿವಿಗೂ ಒಂದಿಷ್ಟು ನೆರಳು

ನಮಸ್ಕಾರ. ನಾನು ಮೆಲ್ಬರ್ನ್‌ನಲ್ಲಿ ಕಟ್ಟಡ ಕೆಲಸ ಮಾಡುವವನು. ನಮ್ಮ ಸೈಟಿನಲ್ಲಿ ಒಬ್ಬ ಹಿರಿಯ ಬಡಗಿ ಇದ್ದಾರೆ. ಅವರ ಬಲಗಿವಿಯ ಮೇಲಂಚು ಇಲಿ ಕಡಿದ ರೊಟ್ಟಿಯ ಹಾಗಿದೆ. ಯಾವುದೋ ಗರಗಸದ ಏಟು ಅಂದುಕೊಂಡಿದ್ದೆ. ಅಲ್ಲ, ಬಿಸಿಲು. ಮೂವತ್ತು ವರ್ಷ ಬರೀ ಕ್ಯಾಪ್ ಹಾಕಿಕೊಂಡು ದುಡಿದರಂತೆ. ಕ್ಯಾಪ್ ಹಣೆಗೆ ನೆರಳು ಕೊಡುತ್ತದೆ, ಕಿವಿಗೆ ಕೊಡುವುದಿಲ್ಲ ನೋಡಿ. ವಾಸಿಯಾಗದ ಒಂದು ಸಣ್ಣ ಹಕ್ಕಳೆ, ಆಮೇಲೆ ಪರೀಕ್ಷೆ, ಚರ್ಮದ ಕ್ಯಾನ್ಸರ್ ಅಂತ ಗೊತ್ತಾಗಿ ಕೊನೆಗೆ ಅಷ್ಟು ಕಿವಿಯನ್ನೇ ಕತ್ತರಿಸಿ ತೆಗೆದರು.

ನಾನಂತೂ ಆಗ, ನಮ್ಮದು ಕಪ್ಪು ಚರ್ಮ, ನಮಗೇನಾಗುತ್ತೆ ಅಂತ ಓಡಾಡುತ್ತಿದ್ದೆ. ಅದು ಅರ್ಧ ನಿಜ. ಚರ್ಮದ ಕಪ್ಪು ನಮ್ಮನ್ನು ಕಾಯುತ್ತದೆ, ಈ ಕಾಯಿಲೆ ನಮ್ಮಲ್ಲಿ ಕಡಿಮೆಯೇ. ಆದರೆ ಕಣ್ಣಿಗೆ ಆ ಕಾವಲಿಲ್ಲ, ಬಿಸಿಲಲ್ಲೇ ದುಡಿದವರಿಗೆ ಪೊರೆ ಬೇಗ ಬರಬಹುದು. ನಮ್ಮಂಥವರಲ್ಲಿ ಚರ್ಮದ ಕ್ಯಾನ್ಸರ್ ಅಂಗಾಲಲ್ಲಿ, ಉಗುರಿನಡಿ ಬಚ್ಚಿಟ್ಟುಕೊಳ್ಳುವುದೂ ಉಂಟು. ಹಾಡುಗಾರ ಬಾಬ್ ಮಾರ್ಲಿ ಸತ್ತದ್ದು ಹಾಗೆ, ಕಾಲ್ಬೆರಳಿನಲ್ಲಿ ಶುರುವಾಗಿ, 1981ರಲ್ಲಿ, 36ನೇ ವಯಸ್ಸಿಗೆ. ಉಗುರಿನಡಿಗೆ ಬಿಸಿಲು ಎಲ್ಲಿಂದ ಬರಬೇಕು, ಆ ಜಾತಿಯದಕ್ಕೆ ಬಿಸಿಲು ಕಾರಣ ಅಲ್ಲ ಬಿಡಿ. ಆದರೆ ಕಪ್ಪು ಅನ್ನುವ ಧೈರ್ಯದಲ್ಲಿ ಯಾರೂ ನೋಡಿಕೊಳ್ಳುವುದೇ ಇಲ್ಲ, ಅಲ್ವಾ?

ಇನ್ನೊಂದು ತಪ್ಪು ಲೆಕ್ಕ ಸೆಕೆಯದು. ಅಕ್ಟೋಬರ್‌ನ ಒಂದು ದಿನ, ತೆಳು ಮೋಡ, ಜಾಕೆಟ್ ಬೇಕೆನಿಸುವ ಚಳಿ. ಸಂಜೆ ಸ್ನಾನದ ನೀರು ಬಿದ್ದಾಗ ಕತ್ತಿನ ಹಿಂಭಾಗ ಉರಿದುಹೋಯಿತು. ಸುಡುವುದು ನೇರಳಾತೀತ ಕಿರಣ, ಅದು ಕಣ್ಣಿಗೂ ಕಾಣದು, ಮೈಗೂ ಗೊತ್ತಾಗದು. ಅದಕ್ಕೇ ಇಲ್ಲಿ ಬೆಳಿಗ್ಗೆ ಬೋರ್ಡಿನ ಮೇಲೆ ಯುವಿ ಸಂಖ್ಯೆ, ಅಂದರೆ ಆ ಕಿರಣ ಎಷ್ಟು ಜೋರಿದೆ ಅನ್ನುವ ಅಳತೆ, ಬರೆಯುತ್ತಾರೆ. 3 ಮುಟ್ಟಿದರೆ ಮೈ ಮುಚ್ಚಬೇಕು. ಬೇಸಿಗೆಯಲ್ಲಿ ಅದು 11 ದಾಟುತ್ತದೆ. ನಮ್ಮ ಬೆಂಗಳೂರಿನ ಏಪ್ರಿಲ್ ಏನೂ ಕಡಿಮೆಯಲ್ಲ.

ಬಿಸಿಲು ತಡೆಯುವ ಕ್ರೀಮನ್ನು ನಾವೆಲ್ಲ ಸುಮ್ನೆ ಮೂಗಿಗೆ ಬೊಟ್ಟಿಟ್ಟಂತೆ ಹಚ್ಚಿಕೊಳ್ಳುತ್ತಿದ್ದೆವು. ಒಂದು ದಿನ ಮೇಲ್ವಿಚಾರಕಿ ಊಟದ ಕೋಣೆಯಿಂದ ಟೀ ಚಮಚ ತಂದು ಅಳೆದು ತೋರಿಸಿದರು: ಒಂದೊಂದು ಕೈಗೆ, ಕಾಲಿಗೆ ಒಂದೊಂದು ಚಮಚ, ಮುಖ ಕತ್ತು ಕಿವಿ ಸೇರಿ ಇನ್ನೊಂದು. ಹೊರಗೆ ಹೋಗುವ ಇಪ್ಪತ್ತು ನಿಮಿಷ ಮುಂಚೆ, ಆಮೇಲೆ ಎರಡೆರಡು ಗಂಟೆಗೊಮ್ಮೆ. ಬೆವರು ಸುರಿಯುವಾಗ ಇದೆಲ್ಲ ನಡೆಯುತ್ತದಾ? ನಿಜ ಹೇಳಬೇಕೆಂದರೆ ಜಾಸ್ತಿ ಜನ ಮರೆಯುತ್ತಾರೆ. ಅದಕ್ಕೇ ನನ್ನ ನಂಬಿಕೆ ಅಂಗಿಯ ಮೇಲೆ. ಒಮ್ಮೆ ಹಾಕಿದರೆ ಸಂಜೆವರೆಗೆ ಕೆಲಸ ಮಾಡುತ್ತದೆ. ಊರಲ್ಲಿ ಕಳೆ ಕೀಳುವ ಹೆಂಗಸರು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತುವುದನ್ನು ನೋಡಿ ಚಿಕ್ಕವನಾಗಿದ್ದಾಗ ನಗುತ್ತಿದ್ದೆ. ಇಲ್ಲಿ ಅದನ್ನೇ ಕಂಪನಿ ದುಡ್ಡು ಕೊಟ್ಟು ಹಾಕಿಸುತ್ತದೆ, ಹೆಲ್ಮೆಟ್ಟಿಗೆ ಕತ್ತು ಮುಚ್ಚುವ ಬಟ್ಟೆಯನ್ನೂ ಸಿಕ್ಕಿಸುತ್ತದೆ.

ಹೋದ ವರ್ಷ ನನ್ನ ಕಾಲಿನ ಹೆಬ್ಬೆರಳಿನ ಉಗುರಿನಡಿ ಕಪ್ಪು ಕಲೆ ಕಂಡಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಡಾಕ್ಟರು ಮಸೂರ ಇಟ್ಟು ನೋಡಿ, ಕಬ್ಬಿಣ ಬಿದ್ದು ರಕ್ತ ಹೆಪ್ಪುಗಟ್ಟಿದೆ, ಉಗುರು ಬೆಳೆದಂತೆ ಹೋಗುತ್ತದೆ ಎಂದರು. ನಾನು ಬೂಟು ಹಾಕಿಕೊಳ್ಳಲು ಬಗ್ಗಿದೆ. ಇರಿ, ಎಂದು ನನ್ನ ಕ್ಯಾಪ್ ತೆಗೆಸಿ, ಎರಡೂ ಕಿವಿ ಮಡಚಿ ಹಿಂದೆ ಮುಂದೆ ನೋಡಿದರು.