ದ್ವೀಪದ ಹುಡುಗ ಎಷ್ಟು ಸ್ವತಂತ್ರ?

ನಮಸ್ಕಾರ. ಮೀನುಗಾರರ ದ್ವೀಪದ ಮಕ್ಕಳ ಮೇಲೆ ಡಾಕ್ಯುಮೆಂಟರಿ ಬಂದರೆ ಸಾಕು, ನೋಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಬಾಲ್ಯ ಅಂದ್ರೆ ಇದು!’ ಟ್ಯೂಷನ್ ಇಲ್ಲ, ಮೊಬೈಲ್ ಇಲ್ಲ, ದಿನವಿಡೀ ಸಮುದ್ರ. ನನಗೂ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಯಾಕೆ ಹೇಳಲಿ? ಕಲಬುರಗಿಯ ಮೇ ಬಿಸಿಲಿಗೆ ನಮ್ಮ ಮಕ್ಕಳು ಕೂಲರ್ ಬಿಟ್ಟು ಏಳುವುದಿಲ್ಲ.

ಇಂಥ ಹಳೆಯ ಚಿತ್ರಗಳಲ್ಲಿ ಒಂದು, 1934ರ ‘ಮ್ಯಾನ್ ಆಫ್ ಅರಾನ್’. ಐರ್ಲೆಂಡಿನ ಅರಾನ್ ದ್ವೀಪಗಳಲ್ಲಿ ರಾಬರ್ಟ್ ಫ್ಲಾಹರ್ಟಿ ತೆಗೆದದ್ದು. ಒಬ್ಬ ಹುಡುಗ ಕಡಿದಾದ ಬಂಡೆಯ ತುದಿಯಲ್ಲಿ ಕೂತು, ಎಷ್ಟೋ ಕೆಳಗಿರುವ ಸಮುದ್ರಕ್ಕೆ ಗಾಳ ಬಿಡುತ್ತಾನೆ. ಬೈಯೋರಿಲ್ಲ, ಕರೆಯೋರಿಲ್ಲ. ಎಂಥ ದೃಶ್ಯ! ಆದರೆ ಚಿತ್ರದ ಅಪ್ಪ, ಅಮ್ಮ, ಮಗ ಒಂದೇ ಮನೆಯವರಲ್ಲ. ಮುಖ ನೋಡಿ ಆರಿಸಿ ಕೂಡಿಸಿದ ಕುಟುಂಬ ಅದು. ಶಾರ್ಕ್ ಬೇಟೆ ಅಲ್ಲಿ ನಿಂತು ದಶಕಗಳೇ ಆಗಿದ್ದವು, ಶೂಟಿಂಗಿಗಾಗಿ ಮತ್ತೆ ಕಲಿಸಿದರು. ದ್ವೀಪದಲ್ಲಿ ಶಾಲೆ ಇತ್ತು, ಚಿತ್ರದಲ್ಲಿ ಇಲ್ಲ. ಶಾಲೆ ತೋರಿಸಿದ್ದರೆ ಹುಡುಗ ಅಷ್ಟು ಸ್ವತಂತ್ರ ಅನಿಸುತ್ತಿರಲಿಲ್ಲ, ಅಲ್ವಾ?

ಹಾಗಂತ ಆ ಖುಷಿಯೆಲ್ಲ ಬರೀ ಸುಳ್ಳು ಅಂತಲ್ಲ. ಥಾಯ್ಲೆಂಡಿನ ಕಡಲ ಅಲೆಮಾರಿಗಳಾದ ಮೋಕೆನ್ ಜನರ ಮಕ್ಕಳು ನೀರೊಳಗೆ ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸ್ಪಷ್ಟವಾಗಿ ನೋಡುತ್ತಾರೆ ಅಂತ 2003ರಲ್ಲೇ ಅಧ್ಯಯನ ಬಂತು. ಅವರು ಮುಳುಗುವುದು ಚಿಪ್ಪು ಹುಡುಕಲು. ಆಟವೂ ಅದೇ, ಮನೆಯ ಊಟವೂ ಅದೇ. ಕ್ಯಾಮೆರಾಗೆ ಆಟ ಮಾತ್ರ ಬೇಕು.

ದ್ವೀಪಕ್ಕೆ ಐರ್ಲೆಂಡಿಗೇ ಯಾಕೆ ಹೋಗಬೇಕು? ನಮ್ಮ ಯಾದಗಿರಿ ಜಿಲ್ಲೆಯಲ್ಲೇ ಕೃಷ್ಣಾ ನದಿ ನಡುವೆ ನೀಲಕಂಠರಾಯನಗಡ್ಡಿ ಇದೆ. ನಾರಾಯಣಪುರ ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಾಗಲೆಲ್ಲ ಈ ಗಡ್ಡಿ ಸುದ್ದಿಗೆ ಬಂದಿದೆ. 2014ರಲ್ಲಿ ಹೊಳೆ ತುಂಬಿದ್ದಾಗ ಇಲ್ಲಿಂದ ಒಬ್ಬ ತುಂಬು ಗರ್ಭಿಣಿ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಈಜಿ ದಡ ಸೇರಿದರು. ಹೆರಿಗೆಗೆ ಆಸ್ಪತ್ರೆ ಆಚೆ ದಡದಲ್ಲಿತ್ತು! ಪೇಪರುಗಳು ಸಾಹಸ ಅಂತ ಬರೆದವು. ಬೇರೆ ದಾರಿ ಇದ್ದಿದ್ದರೆ ಯಾರಾದರೂ ಆ ಸಾಹಸ ಮಾಡುತ್ತಿದ್ದರಾ?

ನಾಳೆ ಯಾರಾದರೂ ಗಡ್ಡಿಗೆ ಕ್ಯಾಮೆರಾ ತಂದರೆ ನನ್ನದೊಂದೇ ಕೇಳಿಕೆ. ಹುಡುಗ ನೀರಿಗೆ ಹಾರುವುದನ್ನು ತೆಗೆಯಿರಿ, ಬೇಕಿದ್ದರೆ ಸ್ಲೋ ಮೋಷನ್‌ನಲ್ಲೇ ತೆಗೆಯಿರಿ. ಆಮೇಲೆ ಅವನ ತಾಯಿಯ ಹತ್ತಿರ ಹೋಗಿ, ‘ಹೊಳೆ ಬಂದ ರಾತ್ರಿ ಮಗುವಿಗೆ ಜ್ವರ ಏರಿದರೆ ಏನ್ ಮಾಡ್ತೀರಿ ಅಕ್ಕಾ?’ ಅಂತ ಕೇಳಿ. ಅವರ ಉತ್ತರವನ್ನು ಮಾತ್ರ ಎಡಿಟಿಂಗ್‌ನಲ್ಲಿ ತೆಗೆದು ಹಾಕಬೇಡಿ.